ಡುವೆಗಳಿಗೆ ಕೊಟ್ಟ ಬಾಡಿಗೆ: ವ್ಯಾಕ್ಯೂಮ್ ಬ್ಯಾಗ್, ಹ್ಯಾಂಡ್‌ಹೆಲ್ಡ್ ಕ್ಲೀನರ್ ಮತ್ತು ನಮ್ಮ ಚಿಕ್ಕ ಕೋಣೆಯ ಲೆಕ್ಕ

ಕಳೆದ ಸೆಪ್ಟೆಂಬರ್‌ನ ಒಂದು ಭಾನುವಾರ ಅವ್ವ ವಿಡಿಯೊ ಕಾಲ್‌ನಲ್ಲಿ, “ಬ್ಯಾಸಿಗಿಗೆ ಬರ್ತೀನಿ ತಗೋ, ಒಂದ್ ಐದಾರ್ ತಿಂಗಳ ಇರ್ತೀನಿ” ಅಂದಳು. ಹನ್ನೊಂದು ವರ್ಷದಿಂದ ಕರೆಯುತ್ತಿದ್ದೆ. ಅಪ್ಪ ಇರುವವರೆಗೆ ಮನೆ ಬಿಟ್ಟು ಬರಲಿಲ್ಲ, ಅಪ್ಪ ಹೋದ ಮೇಲೆ ಮನಸ್ಸು ಮಾಡಲಿಲ್ಲ. ಫೋನ್ ಇಟ್ಟ ಮೇಲೆ ನಾನೂ ನನ್ನ ಹೆಂಡತಿಯೂ ಒಟ್ಟಿಗೆ ತಿರುಗಿ ನೋಡಿದ್ದು ಚಿಕ್ಕ ಕೋಣೆಯ ಬಾಗಿಲನ್ನು. ಆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಇರುವವರಿಗೆ ಬಾಕ್ಸ್ ರೂಮ್ ಎಂದರೆ ವಿವರಿಸಬೇಕಾಗಿಲ್ಲ. ರೆಡಿಂಗ್‌ನಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಅದು ಏಳು ಅಡಿಗೆ ಒಂಬತ್ತು ಅಡಿ. ಅದರೊಳಗೆ ಚಳಿಗಾಲದ ದಪ್ಪ ಡುವೆಗಳು, ಬೇಸಿಗೆಯ ತೆಳು ಡುವೆಗಳು, ಜಾಕೆಟ್‌ಗಳು, ಮಗನಿಗೆ ಗಿಡ್ಡವಾದ ಬಟ್ಟೆ, ಒಂದೇ ಒಂದು ಸಲ ವೇಲ್ಸ್‌ಗೆ ಹೋದಾಗ ಬಳಸಿದ ಮೂರು ಸ್ಲೀಪಿಂಗ್ ಬ್ಯಾಗ್, ಮತ್ತೆ ಊರಿನಿಂದ ಬಂದ ಮೇಲೆ ಬಿಚ್ಚದೆ ಉಳಿದ ಒಂದು ಸೂಟ್‌ಕೇಸ್. ಎಲ್ಲದರ ತಳದಲ್ಲಿ ನಮ್ಮ ಅಜ್ಜಿ ಹೊಲಿದ ಕೌದಿ.

ಮೊದಲು ಹೊಳೆದದ್ದು ಸೆಲ್ಫ್ ಸ್ಟೋರೇಜ್. ಹತ್ತಿರದ ಒಂದು ಕಡೆ ವಿಚಾರಿಸಿದೆ. 35 ಚದರ ಅಡಿಯ ಜಾಗಕ್ಕೆ ಮೊದಲ ಎರಡು ತಿಂಗಳು ಅರ್ಧ ಬೆಲೆ, ಆಮೇಲೆ ತಿಂಗಳಿಗೆ 98 ಪೌಂಡ್, ಜೊತೆಗೆ ಕಡ್ಡಾಯ ವಿಮೆ ವಾರಕ್ಕೆ 4 ಪೌಂಡ್. ಆರು ತಿಂಗಳಿಗೆ 594 ಪೌಂಡ್. ಹಳೆಯ ಹೊದಿಕೆಗಳನ್ನು ಬೇರೆಯವರ ಗೋದಾಮಿನಲ್ಲಿ ಮಲಗಿಸಲು ಅವ್ವನ ವಿಮಾನದ ಟಿಕೆಟ್ಟಿನಷ್ಟು ದುಡ್ಡು! ಅಲ್ಲಿಂದ ಶುರುವಾಯಿತು ಈ ಲೆಕ್ಕ. ಷೇರು, ಐಸಾ, ಎನ್‌ಆರ್‌ಇ ಠೇವಣಿ ಎಂದು ಬರೆಯುವವನು ಇದ್ದಕ್ಕಿದ್ದಂತೆ ಕಸ ಗುಡಿಸುವ ಯಂತ್ರದ ಬಗ್ಗೆ ಯಾಕೆ ಬರೆಯುತ್ತಿದ್ದಾನೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಹೋದ ವರ್ಷ ನನಗೆ ಅತಿ ಹೆಚ್ಚು ಪ್ರತಿಫಲ ಕೊಟ್ಟ ಹೂಡಿಕೆ 28 ಪೌಂಡಿನ ಪ್ಲಾಸ್ಟಿಕ್ ಚೀಲಗಳು. ಅತಿ ದೊಡ್ಡ ನಷ್ಟ ಮಾಡಿದ್ದೂ ಅವೇ.

ಜಾಗದ ಬೆಲೆ

ನಮ್ಮ ಬಾಡಿಗೆ ತಿಂಗಳಿಗೆ 1,700 ಪೌಂಡ್, ಮನೆ 780 ಚದರ ಅಡಿ. ಅಂದರೆ ಚದರ ಅಡಿಗೆ ಸುಮಾರು 2.18 ಪೌಂಡ್. ಚಿಕ್ಕ ಕೋಣೆಯಲ್ಲಿ ಸಾಮಾನು ನುಂಗಿದ್ದು ಸುಮಾರು 40 ಚದರ ಅಡಿ. ತಿಂಗಳಿಗೆ 87 ಪೌಂಡ್, ವರ್ಷಕ್ಕೆ ಸಾವಿರದ ಮೇಲೆ. ಬಳಸದ ಡುವೆಗಳಿಗೆ ನಾನು ವರ್ಷಕ್ಕೆ ಸಾವಿರ ಪೌಂಡ್ ಬಾಡಿಗೆ ಕಟ್ಟುತ್ತಿದ್ದೆ.

ಈ ಲೆಕ್ಕದಲ್ಲಿ ಒಂದು ಮೋಸವಿದೆ, ಅದನ್ನೂ ಹೇಳಿಬಿಡುತ್ತೇನೆ. ಕೋಣೆ ಖಾಲಿ ಮಾಡಿದರೆ ಮನೆ ಮಾಲೀಕ ಬಾಡಿಗೆ ಇಳಿಸುವುದಿಲ್ಲ. ಖಾಲಿ ಜಾಗಕ್ಕೆ ಬೇರೆ ಉಪಯೋಗ ಇಲ್ಲದಿದ್ದರೆ ಉಳಿತಾಯ ಕಾಗದದ ಮೇಲೆ ಮಾತ್ರ. ಇಷ್ಟು ವರ್ಷ ನಮಗೆ ಉಪಯೋಗ ಇರಲಿಲ್ಲ, ಅದಕ್ಕೇ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಈಗ ಆ ಜಾಗಕ್ಕೆ ಅವ್ವನ ಮಂಚ ಬೇಕಾಗಿತ್ತು.

ಎಂಟು ಚೀಲಗಳ ಒಂದು ಕಟ್ಟು ತರಿಸಿದೆ. ಅದಕ್ಕೆ ಮೊದಲು ನನ್ನ ಹೆಂಡತಿ ಒಂದು ಷರತ್ತು ಹಾಕಿದಳು. “ರೀ, ಹದಿನೆಂಟು ತಿಂಗಳಿಂದ ಮುಟ್ಟದ್ದು ಚೀಲದೊಳಗೆ ಹೋಗಬಾರದು, ಮನೆಯಿಂದ ಆಚೆ ಹೋಗಬೇಕು.” ಬ್ಯಾಂಕಿಂಗ್‌ನಲ್ಲಿ ಇರುವವರಿಗೆ ಎವರ್‌ಗ್ರೀನಿಂಗ್ ಗೊತ್ತಿರುತ್ತದೆ. ಬಾರದ ಸಾಲಕ್ಕೆ ಹೊಸ ಸಾಲ ಕೊಟ್ಟು, ಪುಸ್ತಕದಲ್ಲಿ ಅದು ಇನ್ನೂ ಜೀವಂತ ಎಂದು ತೋರಿಸುವುದು. ವ್ಯಾಕ್ಯೂಮ್ ಬ್ಯಾಗ್ ಮನೆಗಳಲ್ಲಿ ಮಾಡುವುದು ಬಹುಪಾಲು ಇದನ್ನೇ. ಬಿಸಾಡಬೇಕಾದ ಜಾಕೆಟ್ಟನ್ನು ಚಪ್ಪಟೆ ಮಾಡಿ ಇನ್ನೊಂದು ಐದು ವರ್ಷ ಇಟ್ಟುಕೊಳ್ಳಲು ಅದು ಧೈರ್ಯ ಕೊಡುತ್ತದೆ. ಅವಳ ಷರತ್ತಿನಿಂದ ಮೂರು ದೊಡ್ಡ ಚೀಲ ಬಟ್ಟೆ ಚಾರಿಟಿ ಅಂಗಡಿಗೆ ಹೋಯಿತು. ಎರಡು ಹಳೆಯ ಡುವೆ ನಾಯಿಗಳ ಆಶ್ರಯಧಾಮಕ್ಕೆ ಹೋದವು. ಉಳಿದದ್ದಕ್ಕೆ ಆರು ಚೀಲ ಸಾಕಾಯಿತು. ಆರೂ ನಮ್ಮ ಮಂಚದ ಕೆಳಗೆ ಹಿಡಿದವು.

ಚೀಲ ಕೊಳ್ಳುವಾಗ ನೋಡಬೇಕಾದದ್ದು ಅಳತೆಯನ್ನಲ್ಲ, ಪದರವನ್ನು. ಒಳ್ಳೆಯ ಚೀಲಗಳು ನೈಲಾನ್ ಮತ್ತು ಪಾಲಿಎಥಿಲೀನ್ ಎರಡೂ ಸೇರಿದವು. ಗಾಳಿ ಒಳಗೆ ನುಸುಳದಂತೆ ತಡೆಯುವುದು ನೈಲಾನ್, ಅಂಚು ಬೆಸೆಯಲು ಬರುವುದು ಪಾಲಿಎಥಿಲೀನ್. ಬರೀ ಪಾಲಿಎಥಿಲೀನ್ ಚೀಲ ಅಗ್ಗ, ಆದರೆ ಕೆಲವೇ ವಾರದಲ್ಲಿ ಮತ್ತೆ ಉಬ್ಬುತ್ತದೆ. ಒಳ್ಳೆಯ ಚೀಲವೂ ತಿಂಗಳುಗಳ ಮೇಲೆ ಸ್ವಲ್ಪ ಸಡಿಲವಾಗುತ್ತದೆ, ಅದು ದೋಷವಲ್ಲ. ಹೆಚ್ಚಿನ ಸಲ ಸೋರುವುದು ಕವಾಟವಲ್ಲ, ಜಿಪ್. ಅದರ ಗಾಡಿಯಲ್ಲಿ ಒಂದು ಕೂದಲೋ ದಾರವೋ ಸಿಕ್ಕಿಕೊಂಡರೆ ಸಾಕು. ಜಿಪ್ಪಿನ ಮೇಲೆ ಎರಡು ಸಲ ಬೆರಳು ಎಳೆದು, ಒಂದು ರಾತ್ರಿ ಹೊರಗಿಟ್ಟು, ಬೆಳಿಗ್ಗೆಯೂ ಗಟ್ಟಿಯಾಗಿದ್ದರೆ ಮಾತ್ರ ಮಂಚದ ಕೆಳಗೆ ತಳ್ಳಿ.

ಏನನ್ನು ಹಾಕಬಾರದು ಎಂಬುದು ಇನ್ನೂ ಮುಖ್ಯ. ಹಕ್ಕಿಯ ಪುಕ್ಕದ ಡುವೆ, ಡೌನ್ ಜಾಕೆಟ್‌ಗಳನ್ನು ತಿಂಗಳುಗಟ್ಟಲೆ ಒತ್ತಿಟ್ಟರೆ ಅವುಗಳ ಉಬ್ಬು ಹೋಗುತ್ತದೆ. ಬೆಚ್ಚಗಿಡುವುದು ಆ ಉಬ್ಬಿನೊಳಗಿನ ಗಾಳಿಯೇ. ಚರ್ಮದ ಜಾಕೆಟ್ ಬೇಡ. ರೇಷ್ಮೆ ಸೀರೆಯಂತೂ ಬೇಡವೇ ಬೇಡ. ಜರಿ ಮಡಿಕೆಯಲ್ಲಿ ಒತ್ತಿ ಕೂತರೆ ಆ ಗೆರೆಯಲ್ಲೇ ಮುರಿಯುತ್ತದೆ. ಸೀರೆಗೆ ಹತ್ತಿಯ ಬಟ್ಟೆ ಸುತ್ತಿ, ವರ್ಷಕ್ಕೆ ಎರಡು ಸಲ ಮಡಿಕೆ ಬದಲಿಸುವ ನಮ್ಮ ಮನೆಗಳ ಹಳೆಯ ಪದ್ಧತಿಯೇ ಸರಿ. ಉಣ್ಣೆಯ ಸ್ವೆಟರ್ ಹಾಕಬಹುದು, ಒಂದು ಹಂಗಾಮಿಗೆ ಮಾತ್ರ. ಇಲ್ಲಿ ಬಟ್ಟೆ ತಿನ್ನುವ ನುಸಿಯ ಕಾಟ ಇರುವವರಿಗೆ ಚೀಲ ಹೊರಗಿನ ನುಸಿಯನ್ನು ತಡೆಯುತ್ತದೆ, ಒಳಗೆ ಆಗಲೇ ಇಟ್ಟ ಮೊಟ್ಟೆಗೆ ಮದ್ದಲ್ಲ. ಒಗೆದು, ಒಣಗಿಸಿ, ಎರಡು ವಾರ ಫ್ರೀಜರ್‌ನಲ್ಲಿಟ್ಟು ತೆಗೆದ ಮೇಲೆ ಪ್ಯಾಕ್ ಮಾಡಿದರೆ ನಿಶ್ಚಿಂತೆ.

ಇಷ್ಟೆಲ್ಲ ಓದಿಕೊಂಡವನು ನಾನು ಮಾಡಿದ ತಪ್ಪು ಕೊನೆಯಲ್ಲಿ ಹೇಳುತ್ತೇನೆ.

ಮೂವತ್ತೈದು ಪೌಂಡಿನ ಪಾಠ

ಹ್ಯಾಂಡ್‌ಹೆಲ್ಡ್ ಕ್ಲೀನರ್ ನಮ್ಮ ಮನೆಯಲ್ಲಿ ಮೊದಲೇ ಒಂದಿತ್ತು. ಅಂದರೆ, ಸತ್ತು ಬಿದ್ದಿತ್ತು. 35 ಪೌಂಡ್ ಕೊಟ್ಟು ತಂದದ್ದು ಹದಿನಾಲ್ಕು ತಿಂಗಳಿಗೆ ಚಾರ್ಜ್ ಹಿಡಿಯುವುದನ್ನು ನಿಲ್ಲಿಸಿತು. ಒಳಗಿನ ಬ್ಯಾಟರಿ ತೆಗೆಯಲು ಬರುವುದಿಲ್ಲ.

ಈ ಪುಟ್ಟ ಯಂತ್ರದ ಇತಿಹಾಸ ಚೆನ್ನಾಗಿದೆ. ವ್ಯಾಕ್ಯೂಮ್ ಕ್ಲೀನರ್ ಹುಟ್ಟಿದ ಕಥೆಯಲ್ಲಿ ದೊಡ್ಡ ಪಾಲು ಇದೇ ದೇಶದ್ದು. 1901ರಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಕಟ್ಟಿದ ಯಂತ್ರವನ್ನು ಕುದುರೆ ಗಾಡಿಯಲ್ಲಿ ಎಳೆದು ತಂದು ಬೀದಿಯಲ್ಲಿ ನಿಲ್ಲಿಸಿ, ಉದ್ದನೆಯ ಕೊಳವೆಯನ್ನು ಕಿಟಕಿಯೊಳಗೆ ತೂರಿಸಿ ಮನೆ ಗುಡಿಸುತ್ತಿದ್ದರು. ಅಲ್ಲಿಂದ ಅಂಗೈಗೆ ಬಂದದ್ದು 1979ರಲ್ಲಿ, ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯ ಡಸ್ಟ್‌ಬಸ್ಟರ್ ಮಾರುಕಟ್ಟೆಗೆ ಬಂದಾಗ. ಅದೇ ಕಂಪನಿ ಅದಕ್ಕೆ ಮೊದಲು ಅಪೊಲೊ ಯಾತ್ರಿಗಳು ಚಂದ್ರನ ಮೇಲೆ ಬಳಸುವ ತಂತಿರಹಿತ ಡ್ರಿಲ್‌ಗೂ ಕೆಲಸ ಮಾಡಿತ್ತು. ಚಂದ್ರನಿಂದ ನಮ್ಮ ಸೋಫಾ ಸಂದಿನ ಚುರುಮುರಿಯವರೆಗೆ, ದೂರ ಬಂದಿದೆ.

ಆದರೆ ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ನಂಬಬೇಡಿ. 12,000 ಪಾಸ್ಕಲ್, 20,000 ಪಾಸ್ಕಲ್ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತದೆ. ಅದನ್ನು ಅಳೆಯುವುದು ಮೂತಿ ಪೂರ್ತಿ ಮುಚ್ಚಿದಾಗ, ಅಂದರೆ ಗಾಳಿ ಹರಿಯದೇ ಇರುವಾಗ. ಕಸ ಒಳಗೆ ಬರುವುದು ಹರಿಯುವ ಗಾಳಿಯ ಜೊತೆ. ಎಳೆತ, ಹರಿವು ಎರಡನ್ನೂ ಸೇರಿಸಿ ಹೇಳುವ ಅಳತೆ ಏರ್‌ವಾಟ್, ಅದನ್ನು ಕೊಡುವ ತಯಾರಕರು ಕಡಿಮೆ. ಲಾಭ ಹೇಳಿ ನಗದು ಹರಿವಿನ ಪುಟ ಬಿಟ್ಟ ವಾರ್ಷಿಕ ವರದಿಯ ಹಾಗೆ. ಯುರೋಪಿನಲ್ಲಿ ಇದಕ್ಕೊಂದು ಪಾಠವೇ ಇದೆ. ದೊಡ್ಡ ಕ್ಲೀನರ್‌ಗಳಿಗೆ ಅಂಟಿಸುತ್ತಿದ್ದ ಎನರ್ಜಿ ಲೇಬಲ್‌ನ ಪರೀಕ್ಷೆಯನ್ನು ಖಾಲಿ ಕಸಪಾತ್ರೆಯಲ್ಲಿ ಮಾಡುತ್ತಾರೆ, ನಿಜವಾದ ಬಳಕೆಯಲ್ಲಿ ಅಲ್ಲ ಎಂದು ಡೈಸನ್ ಕಂಪನಿ ಕೋರ್ಟಿಗೆ ಹೋಯಿತು. 2018ರ ನವೆಂಬರ್‌ನಲ್ಲಿ ಯುರೋಪಿಯನ್ ಜನರಲ್ ಕೋರ್ಟ್ ಆ ಲೇಬಲ್ಲಿನ ನಿಯಮವನ್ನೇ ರದ್ದು ಮಾಡಿತು. ಬ್ಯಾಟರಿಯ ಯಂತ್ರಗಳಂತೂ ಆ ಲೇಬಲ್ಲಿನ ವ್ಯಾಪ್ತಿಗೆ ಬಂದಿರಲೇ ಇಲ್ಲ.

ಬಳಕೆಯ ಅವಧಿಯೂ ಹಾಗೇ. ಮೂವತ್ತು ನಿಮಿಷ ಎಂದರೆ ಅತಿ ಕಡಿಮೆ ವೇಗದಲ್ಲಿ. ಕಾರಿನ ಕಾರ್ಪೆಟ್ ಗುಡಿಸಲು ಬೇಕಾಗುವ ವೇಗದಲ್ಲಿ ನನಗೆ ಸಿಕ್ಕಿದ್ದು ಒಂಬತ್ತು ನಿಮಿಷ.

ಹಳೆಯದು ಕೆಟ್ಟಾಗ ಮಾರಿದವರು, “ವಾರಂಟಿ ಹನ್ನೆರಡು ತಿಂಗಳು, ಮುಗಿದಿದೆ” ಎಂದರು. ಇಲ್ಲಿ ನಮ್ಮವರು ಬಹಳ ಜನ ಸುಮ್ಮನಾಗಿಬಿಡುತ್ತಾರೆ. ತಯಾರಕರ ವಾರಂಟಿ ಬೇರೆ, ಕಾನೂನು ಕೊಡುವ ಹಕ್ಕು ಬೇರೆ. ಇಲ್ಲಿನ 2015ರ ಗ್ರಾಹಕ ಹಕ್ಕು ಕಾಯ್ದೆಯ ಪ್ರಕಾರ ವಸ್ತು ತೃಪ್ತಿಕರ ಗುಣಮಟ್ಟದ್ದಾಗಿರಬೇಕು, ಅದರಲ್ಲಿ ಬಾಳಿಕೆಯೂ ಸೇರಿದೆ. ಮೂವತ್ತು ದಿನದೊಳಗೆ ದೋಷ ಕಂಡರೆ ಪೂರ್ತಿ ಹಣ. ಆರು ತಿಂಗಳೊಳಗೆ ಕೆಟ್ಟರೆ ದೋಷ ಮೊದಲೇ ಇತ್ತೆಂದು ಕಾನೂನೇ ಭಾವಿಸುತ್ತದೆ, ಅಲ್ಲ ಎಂದು ತೋರಿಸುವುದು ಅಂಗಡಿಯವರ ಹೊಣೆ. ಆಮೇಲೆ ತೋರಿಸುವ ಹೊಣೆ ನಮ್ಮದು, ಆದರೆ ಇಂಗ್ಲೆಂಡಿನಲ್ಲಿ ಆರು ವರ್ಷದವರೆಗೆ ಕೇಳುವ ದಾರಿ ಇದೆ. ನಾನು ಎರಡು ಇಮೇಲ್ ಬರೆದೆ, ಕಾಯ್ದೆಯ ಹೆಸರು ಹೇಳಿ, ದನಿ ಏರಿಸದೆ. ಬಳಸಿದ್ದಕ್ಕೆ ಕಳೆದು 15 ಪೌಂಡ್ ವಾಪಸ್ ಬಂತು. ಜರ್ಮನಿಯಲ್ಲಿ ಇರುವವರಿಗೆ ಮಾರಾಟಗಾರನ ಮೇಲೆ ಎರಡು ವರ್ಷದ ಕಾನೂನಿನ ಹೊಣೆಗಾರಿಕೆ ಇದೆ. ಆಸ್ಟ್ರೇಲಿಯಾದಲ್ಲಿಯೂ ಗ್ರಾಹಕ ಕಾನೂನಿನ ಖಾತ್ರಿ ತಯಾರಕರ ವಾರಂಟಿ ಮುಗಿದ ದಿನಕ್ಕೆ ಮುಗಿಯುವುದಿಲ್ಲ. ಅಂಗಡಿಯವರು ಕೌಂಟರಿನಲ್ಲಿ ಮಾರುವ ಹೆಚ್ಚುವರಿ ವಾರಂಟಿಗೆ ಸಹಿ ಹಾಕುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಎರಡನೆಯದನ್ನು 110 ಪೌಂಡಿಗೆ ತಂದೆ. ಬ್ಯಾಟರಿ ಬದಲಾಯಿಸಬಹುದಾದದ್ದು, ಫಿಲ್ಟರ್ ತೊಳೆಯಬಹುದಾದದ್ದು. ಕ್ರೆಡಿಟ್ ಕಾರ್ಡಿನಲ್ಲೇ ಕೊಂಡೆ. ಒಂದು ವಸ್ತುವಿನ ಬೆಲೆ 100 ಪೌಂಡಿಗಿಂತ ಹೆಚ್ಚಿದ್ದರೆ, 30,000 ಪೌಂಡಿನವರೆಗೆ, 1974ರ ಕನ್ಸ್ಯೂಮರ್ ಕ್ರೆಡಿಟ್ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಅಂಗಡಿಯ ಜೊತೆ ಕಾರ್ಡ್ ಕಂಪನಿಯೂ ಹೊಣೆ. ಅಂಗಡಿ ಮುಚ್ಚಿಹೋದರೂ ಕೇಳಲು ಒಬ್ಬರಿರುತ್ತಾರೆ. 99 ಪೌಂಡಿನದಕ್ಕೆ ಈ ರಕ್ಷಣೆ ಇಲ್ಲ.

ಇನ್ನು ಲೆಕ್ಕ. ದುಬಾರಿಯದೇ ಕೊನೆಗೆ ಅಗ್ಗ ಎಂದು ಸಾಬೀತು ಮಾಡಲು ಕೂತೆ, ಆಗಲಿಲ್ಲ. ಅಗ್ಗದ್ದು 35 ಪೌಂಡ್, 14 ತಿಂಗಳು, ತಿಂಗಳಿಗೆ ಎರಡೂವರೆ ಪೌಂಡ್. ದುಬಾರಿಯದು ಐದು ವರ್ಷ ಬಂದರೆ, ನಡುವೆ ಒಂದು ಬ್ಯಾಟರಿಗೆ 30 ಪೌಂಡ್, ಫಿಲ್ಟರ್‌ಗಳಿಗೆ 40 ಪೌಂಡ್ ಸೇರಿ ಒಟ್ಟು 180. ತಿಂಗಳಿಗೆ ಮೂರು ಪೌಂಡ್. ಅಗ್ಗದ್ದೇ ಗೆದ್ದಿತು! ಆದರೆ ಛೇದವನ್ನು ಬದಲಿಸಿ ನೋಡಿ. ಅಗ್ಗದ್ದನ್ನು ನಾವು ಮೊದಲ ಆರು ತಿಂಗಳು ಮಾತ್ರ ನಿಜವಾಗಿ ಬಳಸಿದ್ದು, ಆಮೇಲೆ ಅದರ ಎಳೆತ ಸಾಲದೆ ಮತ್ತೆ ದೊಡ್ಡದನ್ನೇ ಎಳೆದುಕೊಂಡು ಬರುತ್ತಿದ್ದೆವು. ಬಳಸಿದ ತಿಂಗಳಿಗೆ ಲೆಕ್ಕ ಹಾಕಿದರೆ ಹತ್ತಿರ ಆರು ಪೌಂಡ್. ಹೊಸದನ್ನು ವಾರಕ್ಕೆ ಮೂರು ಸಲ ತೆಗೆಯುತ್ತೇವೆ, ಒಂದು ಬಳಕೆಗೆ ಇಪ್ಪತ್ತೈದು ಪೆನ್ಸ್ ಆಸುಪಾಸು. ಯಾಕೆ ತೆಗೆಯುತ್ತೇವೆ ಎಂದರೆ ಅದು ಅಡುಗೆಮನೆಯ ಗೋಡೆಗೆ ನೇತಾಡುತ್ತದೆ. ಹಳೆಯದು ಕಪಾಟಿನೊಳಗಿತ್ತು. ನನ್ನ ಎಂಬಿಎಗೆ ಅಪಮಾನವಾಗುವಷ್ಟು ಸರಳವಾದ ಕಾರಣ.

ಹಳೆಯದನ್ನು ಕಸದ ಡಬ್ಬಿಗೆ ಹಾಕಬೇಡಿ. ಲಿಥಿಯಂ ಬ್ಯಾಟರಿ ಕಸದ ಲಾರಿಯಲ್ಲಿ ಜಜ್ಜಿದರೆ ಬೆಂಕಿ ಹತ್ತುತ್ತದೆ. ಕೌನ್ಸಿಲ್‌ನ ಮರುಬಳಕೆ ಕೇಂದ್ರಕ್ಕೆ ಕೊಡಿ.

ಎರಡನ್ನೂ ಸೇರಿಸಿದರೆ

ಹ್ಯಾಂಡ್‌ಹೆಲ್ಡ್ ಒಂದಿದ್ದರೆ ಅದರಿಂದಲೇ ಚೀಲದ ಗಾಳಿ ಎಳೆಯಬಹುದಲ್ಲ ಎಂದು ಕಚೇರಿಯ ಗೆಳೆಯರೊಬ್ಬರು ಕೇಳಿದರು. ಇಲ್ಲೊಂದು ತಮಾಷೆ ಇದೆ. ನೆಲ ಗುಡಿಸಲು ದಾರಿ ತಪ್ಪಿಸುವ ಆ ಪಾಸ್ಕಲ್ ಅಂಕಿ ಚೀಲದ ವಿಷಯದಲ್ಲಿ ನಿಜ ಹೇಳುತ್ತದೆ. ಚೀಲ ಖಾಲಿಯಾಗುತ್ತಾ ಹೋದಂತೆ ಗಾಳಿಯ ಹರಿವು ನಿಲ್ಲುತ್ತದೆ, ಉಳಿಯುವುದು ಎಳೆತ ಮಾತ್ರ. 10,000 ಪಾಸ್ಕಲ್ ವ್ಯತ್ಯಾಸ ಎಂದರೆ ಒಂದು ಚದರ ಮೀಟರ್ ಮೇಲೆ ಸುಮಾರು ಒಂದು ಟನ್ ತೂಕ ಇಟ್ಟಂತೆ. ಡುವೆ ಅಪ್ಪಡವಾಗಲು ಅಷ್ಟು ಸಾಕು.

ತೊಂದರೆ ಬೇರೆ ಎರಡು. ಹ್ಯಾಂಡ್‌ಹೆಲ್ಡ್‌ನ ಚಪ್ಪಟೆ ಮೂತಿ ಚೀಲದ ದುಂಡು ಕವಾಟದ ಮೇಲೆ ಕೂರುವುದಿಲ್ಲ. ಮತ್ತೆ, ಬಹುಪಾಲು ಯಂತ್ರಗಳಲ್ಲಿ ಮೋಟರನ್ನು ತಣ್ಣಗಿಡುವುದೇ ಅದರ ಮೂಲಕ ಹರಿಯುವ ಗಾಳಿ. ಅದನ್ನು ಕಟ್ಟಿದರೆ ಮೋಟರ್ ಬಿಸಿಯಾಗುತ್ತದೆ. ನಾನು ಅಂಗೈ ಒತ್ತಿ ಪ್ರಯತ್ನಿಸಿದೆ, ಎರಡನೇ ಚೀಲದ ನಡುವೆ ಯಂತ್ರ ತಾನೇ ಆಫ್ ಆಯಿತು, ಅರ್ಧ ಗಂಟೆ ಮುನಿಸಿಕೊಂಡಿತು. ದೊಡ್ಡ ಕ್ಲೀನರ್ ಇದ್ದರೆ ಅದರ ಕೊಳವೆಯೇ ಒಳ್ಳೆಯದು. ಇಲ್ಲದವರು ಯುಎಸ್‌ಬಿಯ ಪುಟ್ಟ ಪಂಪ್ ಕೊಳ್ಳಲಿ.

ಡಿಸೆಂಬರ್‌ನಲ್ಲಿ ಊರಿಗೆ ಹೊರಟಾಗ ಇನ್ನೊಂದು ಪಾಠವಾಯಿತು. ಚೀಲದ ಮೋಡಿಗೆ ಬಿದ್ದು ಎರಡು ಸೂಟ್‌ಕೇಸಿನ ಬಟ್ಟೆಯನ್ನು ಒಂದರಲ್ಲಿ ತುರುಕಿದೆ. ಹೀಥ್ರೋದಲ್ಲಿ ತೂಕ 29 ಕಿಲೋ ತೋರಿಸಿತು, ಮಿತಿ 23. ಗಾಳಿ ತೆಗೆದರೆ ಗಾತ್ರ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ಇಷ್ಟು ಸಣ್ಣ ಸತ್ಯ ಚೆಕ್-ಇನ್ ಸಾಲಿನಲ್ಲಿ ನೆಲದ ಮೇಲೆ ಕೂತು ಚೀಲ ಬಿಚ್ಚುವಾಗ ಅರ್ಥವಾಯಿತು. ಬಿಚ್ಚಿದ ಚೀಲ ಬ್ರೆಡ್ಡಿನ ಹಿಟ್ಟಿನಂತೆ ಉಬ್ಬುತ್ತಿತ್ತು, ಮಗ ನಮ್ಮ ಪರಿಚಯವೇ ಇಲ್ಲದವನಂತೆ ದೂರ ನಿಂತಿದ್ದ. ಪ್ರಯಾಣಕ್ಕೆ ಬೇಕಾದರೆ ಕೈಯಿಂದ ಸುತ್ತಿ ಗಾಳಿ ಬಿಡುವ ಚೀಲ ತೆಗೆದುಕೊಳ್ಳಿ, ವಾಪಸ್ ಬರುವಾಗ ಧಾರವಾಡದಲ್ಲಿ ವ್ಯಾಕ್ಯೂಮ್ ಕ್ಲೀನರ್ ಹುಡುಕುವ ಕೆಲಸ ಇರುವುದಿಲ್ಲ. ಹ್ಯಾಂಡ್‌ಹೆಲ್ಡನ್ನು ಊರಿಗೆ ಉಡುಗೊರೆ ಒಯ್ಯುವವರು ಹೆಚ್ಚುವರಿ ಬ್ಯಾಟರಿಯನ್ನು ಕ್ಯಾಬಿನ್ ಬ್ಯಾಗಿನಲ್ಲೇ ಇಡಬೇಕು, ಲಗೇಜಿನಲ್ಲಿ ಬಿಡುವುದಿಲ್ಲ. 100 ವಾಟ್-ಅವರ್ ಒಳಗಿದ್ದರೆ ಅನುಮತಿ ಬೇಕಾಗಿಲ್ಲ.

ಕೌದಿ

ಅವ್ವ ಏಪ್ರಿಲ್‌ನಲ್ಲಿ ಬಂದಳು. ಕೋಣೆ ಖಾಲಿಯಿತ್ತು, ಮಂಚ ಇತ್ತು, ಕಿಟಕಿಗೆ ಹೊಸ ಪರದೆ ಇತ್ತು. ಒಟ್ಟು ಖರ್ಚು ಮಂಚ ಬಿಟ್ಟು 28 ಪೌಂಡ್. ಮೊದಲ ರಾತ್ರಿ, “ಡುವೆ ಬ್ಯಾಡಪಾ, ಮೈಮ್ಯಾಲ್ ಏನೂ ಇಲ್ದಂಗ ಆಕ್ಕೈತಿ. ಅಜ್ಜೀದು ಕೌದಿ ಐತೇನು?” ಎಂದು ಕೇಳಿದಳು. ಹೆಮ್ಮೆಯಿಂದ ಆರನೇ ಚೀಲ ಎಳೆದು ಜಿಪ್ ಬಿಚ್ಚಿದೆ.

ವಾಸನೆ ಮೊದಲು ಬಂತು. ಒಂದು ಮೂಲೆಯಲ್ಲಿ ಅಂಗೈ ಅಗಲ ಕಪ್ಪು ಬೂಷ್ಟು. ಅಕ್ಟೋಬರ್‌ನಲ್ಲಿ ಕೌದಿ ಒಗೆದು, ಹೊರಗೆ ಮಳೆ ಎಂದು ಮನೆಯೊಳಗೇ ಎರಡು ದಿನ ಹರವಿ, ಮುಟ್ಟಿ ನೋಡಿ ಒಣಗಿದೆ ಎಂದುಕೊಂಡು ಚೀಲಕ್ಕೆ ಹಾಕಿದ್ದೆ. ಐದಾರು ಪದರ ಹಳೆಯ ಸೀರೆ ಕೂಡಿಸಿ ಹೊಲಿದದ್ದು ಅದು. ಮೇಲಿನ ಪದರ ಒಣಗಿದ್ದು ಒಳಗಿನದು ಒಣಗಿದ್ದರ ಗುರುತಲ್ಲ. ಚೀಲ ಗಾಳಿಯನ್ನು ತೆಗೆಯುತ್ತದೆ, ಬಟ್ಟೆಯೊಳಗಿನ ತೇವವನ್ನು ತೆಗೆಯುವುದಿಲ್ಲ. ಒಳಗೇ ಬೀಗ ಹಾಕಿ ಇಡುತ್ತದೆ. ಆರು ತಿಂಗಳು ಅಜ್ಜಿಯ ಕೌದಿಯ ಮೇಲೆ ನಾನೇ ಆ ಬೀಗ ಹಾಕಿದ್ದೆ. ಈ ದೇಶದ ಚಳಿಗಾಲದಲ್ಲಿ ದಪ್ಪ ಹತ್ತಿಯನ್ನು ರೇಡಿಯೇಟರ್ ಪಕ್ಕ ಒಂದು ವಾರವಾದರೂ ತಿರುವಿ ತಿರುವಿ ಒಣಗಿಸಬೇಕು, ಸಾಧ್ಯವಾದರೆ ಬೇಸಿಗೆಯಲ್ಲೇ ಒಗೆದಿಡಬೇಕು. ಅಂಥದ್ದನ್ನು ಚೀಲಕ್ಕೆ ಹಾಕದೇ ಇರುವುದು ಇನ್ನೂ ಉತ್ತಮ.

ಅವ್ವ ಬೈಯಲಿಲ್ಲ. ಮೂಸಿ ನೋಡಿದಳು, ಬೂಷ್ಟು ಹಿಡಿದ ತುಂಡನ್ನು ಬೆರಳಿನಿಂದ ತಿಕ್ಕಿದಳು. “ಇದು ನಮ್ಮವ್ವನ ಇಳಕಲ್ ಸೀರಿ. ನಿನ್ನ ಎತ್ಕೊಂಡಾಗ ಉಟ್ಟಿದ್ಲು” ಅಂದಳು. ನಾನು ಸುಮ್ಮನೆ ಬಾಗಿಲಲ್ಲಿ ನಿಂತಿದ್ದೆ.

ಮೇ ತಿಂಗಳ ಮೊದಲ ವಾರ ಬಿಸಿಲು ಬಂತು. ಬಿಸಿನೀರಿನಲ್ಲಿ ಎರಡು ಸಲ ಒಗೆದು, ಹಿಂದಿನ ಬೇಲಿಯ ಮೇಲೆ ಮೂರು ದಿನ ಹರವಿದೆವು. ವಾಸನೆ ಹೋಯಿತು, ಕಲೆ ಪೂರ್ತಿ ಹೋಗಲಿಲ್ಲ. ಕೆಟ್ಟ ತುಂಡನ್ನು ಅವ್ವ ಬಿಚ್ಚಿ ತೆಗೆದಳು. ಅದರ ಜಾಗಕ್ಕೆ ಏನು ಹಾಕುವುದು ಎಂದು ಹುಡುಕುವಾಗ, ಹದಿನೆಂಟು ತಿಂಗಳ ನಿಯಮ ತಪ್ಪಿಸಿಕೊಂಡು ಕಪಾಟಿನಲ್ಲಿ ಉಳಿದಿದ್ದ ನನ್ನದೊಂದು ನೀಲಿ ಆಫೀಸ್ ಅಂಗಿ ಅವಳ ಕೈಗೆ ಸಿಕ್ಕಿತು. ಕಾಲರ್ ಸವೆದಿತ್ತು, ಬೆನ್ನಿನ ಬಟ್ಟೆ ಗಟ್ಟಿಯಿತ್ತು. “ಇದು ನಡೀತೈತಿ” ಅಂದಳು.

ಈಗ ಸಂಜೆ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಸೋಫಾದ ಮೇಲೆ ದಾರದ ಚೂರುಗಳು ಬಿದ್ದಿರುತ್ತವೆ. ಮಗ ಗೋಡೆಯಿಂದ ಹ್ಯಾಂಡ್‌ಹೆಲ್ಡ್ ಇಳಿಸಿ ಅವನ್ನು ಎಳೆಯುತ್ತಾನೆ. ಅವ್ವನಿಗೆ ಅದರ ಸದ್ದು ಆಗುವುದಿಲ್ಲ, ಕೈಯಿಂದಲೇ ಆರಿಸುತ್ತೇನೆ ಎನ್ನುತ್ತಾಳೆ. ಇನ್ನೂ ಅರ್ಧ ಅಂಚು ಹೊಲಿಯುವುದಿದೆ.